ವಾಯುಪಡೆಯ ಪರೀಕ್ಷೆ ಕನ್ನಡದಲ್ಲೂ ಬರಲಿ

ವಾಯುಪಡೆ ಎಂದರೆ ಪೈಲಟ್ ಎಂದುಕೊಳ್ಳುವುದು ನಮ್ಮಲ್ಲಿ ರೂಢಿ. ಆ ಪೈಲಟ್ ಮೇಲೇರುವ ಮೊದಲು ಎಂಜಿನ್ ಪರೀಕ್ಷಿಸಿದವರು, ಮೋಡ, ಗಾಳಿ ನೋಡಿ ಹೇಳಿದವರು, ರಾಡಾರ್ ಮುಂದೆ ಕೂತು ದಾರಿ ತೋರಿಸುವವರು ಎಲ್ಲರೂ ನೆಲದ ಮೇಲೇ ಇರುತ್ತಾರೆ. 1971ರ ನವೆಂಬರ್ 22ರಂದು ಬೊಯ್ರಾ ಬಳಿ ನಮ್ಮ ನ್ಯಾಟ್ ವಿಮಾನಗಳು ಪಾಕಿಸ್ತಾನದ ಸೇಬರ್‌ಗಳನ್ನು ಹೊಡೆದುರುಳಿಸಿದವು. ಆ ಪೈಲಟ್‌ಗಳಲ್ಲಿ ಎಂ.ಎ. ಗಣಪತಿ ಒಬ್ಬರು. ಅವರನ್ನೆಲ್ಲ ಸರಿಯಾದ ಜಾಗಕ್ಕೆ, ಸರಿಯಾದ ಹೊತ್ತಿಗೆ ತಂದು ನಿಲ್ಲಿಸಿದ್ದು ರಾಡಾರ್ ಕೇಂದ್ರದಲ್ಲಿದ್ದ ಫೈಟರ್ ಕಂಟ್ರೋಲರ್ ಕೆ.ಬಿ. ಬಾಗ್ಚಿ. ಪಾಕಿಸ್ತಾನದೊಂದಿಗಿನ 2019ರ ಫೆಬ್ರವರಿ 27ರ ವಾಯುಸಂಘರ್ಷದಲ್ಲಿ ಅದೇ ಕೆಲಸ ಮಾಡಿದ ಸ್ಕ್ವಾಡ್ರನ್ ಲೀಡರ್ ಮಿಂಟಿ ಅಗರ್ವಾಲ್ ಯುದ್ಧ ಸೇವಾ ಪದಕ ಪಡೆದ ಮೊದಲ ಮಹಿಳೆಯಾದರು. ಇವರಿಬ್ಬರೂ ಅಧಿಕಾರಿಗಳು. ಇವರ ಜೊತೆ ದುಡಿಯುವ ನೂರಾರು ಕೈಗಳು ಏರ್‌ಮೆನ್‌ಗಳದು. ಆ ಕೆಲಸಕ್ಕೆ ಈಗಿರುವ ಬಾಗಿಲು ನಾಲ್ಕು ವರ್ಷದ ಅಗ್ನಿವೀರ ವಾಯು ನೇಮಕಾತಿ. ಪಿಯುಸಿ ಪಾಸಾದ ಹುಡುಗ ಹುಡುಗಿಯರಿಗೆ ಅದು ತೆರೆದಿದೆ. ಕಲಾ, ವಾಣಿಜ್ಯ ವಿಭಾಗದವರಿಗೂ.

ಹೊಸಪೇಟೆ, ಸಂಡೂರು, ಕಂಪ್ಲಿಯ ಮಕ್ಕಳಿಗೆ ಈ ಬಾಗಿಲು ದೂರದ್ದೇನಲ್ಲ. ತರಬೇತಿ ನಡೆಯುವುದು ಬೆಳಗಾವಿಯ ಸಾಂಬ್ರಾದಲ್ಲಿ. ವಾಯುಪಡೆಯ ವೈಮಾನಿಕ ಪ್ರದರ್ಶನ ತಂಡ ಸೂರ್ಯಕಿರಣದ ನೆಲೆ ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣವೇ ಇದೆ. ದೂರ ಮಾಡಿರುವುದು ಪ್ರಶ್ನೆಪತ್ರಿಕೆ. ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುತ್ತದೆ. ಕಂಪ್ಲಿಯ ಸರ್ಕಾರಿ ಕಾಲೇಜಿನಲ್ಲಿ ಇತಿಹಾಸ, ಅರ್ಥಶಾಸ್ತ್ರವನ್ನು ಕನ್ನಡದಲ್ಲಿ ಓದಿದವಳು ತರ್ಕ ಮತ್ತು ಸಾಮಾನ್ಯ ಜ್ಞಾನದ 30 ಪ್ರಶ್ನೆಗಳನ್ನು ಪರಭಾಷೆಯಲ್ಲಿ ಎದುರಿಸಬೇಕು. ಉತ್ತರ ಪ್ರದೇಶದ ಆಕೆಯ ಓರಗೆಯವಳು ಅವನ್ನೇ ತನ್ನ ಭಾಷೆಯಲ್ಲಿ ಓದುತ್ತಾಳೆ. ವಿಜ್ಞಾನದವರ ಕಷ್ಟವೂ ಕಡಿಮೆಯಲ್ಲ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಕಲಿತು ಪಿಯುಸಿಯಲ್ಲಿ ಏಕಾಏಕಿ ಇಂಗ್ಲಿಷ್‌ಗೆ ಬಿದ್ದವರು 60 ನಿಮಿಷದಲ್ಲಿ 70 ಪ್ರಶ್ನೆ ಮುಗಿಸಬೇಕು, ತಪ್ಪಿದರೆ ಅಂಕವೂ ಕಳೆಯುತ್ತದೆ. ಅಲ್ಲಿ ಅಳೆಯುತ್ತಿರುವುದು ಅವರ ಭೌತಶಾಸ್ತ್ರವನ್ನೋ ಓದುವ ವೇಗವನ್ನೋ?

ವಿಮಾನದ ಕೆಲಸದಲ್ಲಿ ಇಂಗ್ಲಿಷ್ ಬೇಕೇ ಬೇಕು ಎಂಬ ಆಕ್ಷೇಪ ಬರುತ್ತದೆ. ಅದು ನಿಜ, ಹಗುರವಾಗಿ ತಳ್ಳಿಹಾಕುವ ಮಾತೂ ಅಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಕಜಾಕ್ ವಿಮಾನ ತನಗೆ ಹೇಳಿದ ಎತ್ತರಕ್ಕಿಂತ ಕೆಳಗಿಳಿದಿತ್ತು. ಅದರ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ ಎಂಬುದೂ ಆಗ ಚರ್ಚೆಗೆ ಬಂತು. ಆದ್ದರಿಂದ ಇಂಗ್ಲಿಷ್ ಪರೀಕ್ಷಿಸುವ 20 ಪ್ರಶ್ನೆಗಳು ಹಾಗೆಯೇ ಇರಲಿ, ಬೇಕಾದರೆ ಇನ್ನಷ್ಟು ಬಿಗಿಯಾಗಲಿ. ಆದರೆ ಇದೇ ವಾದ ಹಿಂದಿಗೂ ಅನ್ವಯಿಸಬೇಕಲ್ಲ? ಗಣಿತವನ್ನು ಹಿಂದಿಯಲ್ಲಿ ಬರೆದವನು ಮುಂದೆ ತರಬೇತಿಯಲ್ಲಿ ಇಂಗ್ಲಿಷ್ ಕಲಿಯಬಲ್ಲ ಎಂದು ನಂಬುವ ವಾಯುಪಡೆ ಕನ್ನಡದಲ್ಲಿ ಬರೆದವನನ್ನೂ ನಂಬಬಹುದು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ 2024ರಿಂದ ಕನ್ನಡದಲ್ಲೂ ಇದೆ. ಭೂಸೇನೆ 2025ರಲ್ಲಿ ಅಗ್ನಿವೀರರ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಿಗೆ ವಿಸ್ತರಿಸಿತು.

ಅನುವಾದ ಕೆಟ್ಟರೆ ಗತಿಯೇನು ಎಂಬ ಭಯ ನನಗೂ ಇದೆ. 2024ರ ಆಗಸ್ಟ್‌ನಲ್ಲಿ ಕೆಪಿಎಸ್‌ಸಿ ನಡೆಸಿದ ನೇಮಕಾತಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಎಷ್ಟು ಹದಗೆಟ್ಟಿದ್ದವೆಂದರೆ ಡಿಸೆಂಬರ್‌ನಲ್ಲಿ ಪರೀಕ್ಷೆಯನ್ನೇ ಮತ್ತೆ ನಡೆಸಬೇಕಾಯಿತು, ಆಗಲೂ ತಪ್ಪುಗಳು ನಿಲ್ಲಲಿಲ್ಲ. ಅಲ್ಲಿ ಸೋತದ್ದು ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳದೆ ಪದಕ್ಕೆ ಪದ ಇಟ್ಟ ಅವಸರ. ಹಂಪಿಯಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯವಿದೆ. ಭೌತಶಾಸ್ತ್ರ, ಗಣಿತ ಕಲಿಸುವ ಪಿಯು ಉಪನ್ಯಾಸಕರನ್ನು ಜೊತೆಗಿಟ್ಟುಕೊಂಡು, ಟಾರ್ಕ್, ವೋಲ್ಟೇಜ್‌ನಂಥ ಬಳಕೆಯ ಪದಗಳನ್ನು ಹಾಗೆಯೇ ಉಳಿಸಿ, ಪರೀಕ್ಷೆಗೆ ಒಗ್ಗುವ ಕನ್ನಡವನ್ನು ಅದು ಸಿದ್ಧಪಡಿಸಿಕೊಡಬಲ್ಲದು. ನಾಡಿನ ಭಾಷೆಗೆಂದೇ ಹುಟ್ಟಿದ ಸಂಸ್ಥೆಗೆ ಇದಕ್ಕಿಂತ ಉಪಯುಕ್ತ ಕೆಲಸ ಹೆಚ್ಚಿರಲಾರದು.

ನಾಲ್ಕು ವರ್ಷದ ನೌಕರಿಗೆ ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. ಶೇಕಡಾ 25ಕ್ಕಿಂತ ಹೆಚ್ಚು ಜನ ಉಳಿಯುವುದಿಲ್ಲ, ಉಳಿಯದವರಿಗೆ ಪಿಂಚಣಿ ಇಲ್ಲ, ಸೇವಾ ನಿಧಿಯಾಗಿ ಸಿಗುವುದು ಸುಮಾರು 11.71 ಲಕ್ಷ ರೂಪಾಯಿ. ಈ ಷರತ್ತುಗಳು ಬದಲಾಗಬೇಕೆಂದೇ ನಾನೂ ಬಯಸುತ್ತೇನೆ. ಆದರೆ ಆ ಲೆಕ್ಕ ಹಾಕಿ ಬೇಕು ಅಥವಾ ಬೇಡ ಎನ್ನುವ ಹಕ್ಕು ಅಭ್ಯರ್ಥಿಯದು. ಸಂಡೂರಿನ ಗಣಿಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುವವನಿಗೆ ನಾಲ್ಕು ವರ್ಷದ ಭರವಸೆಯೂ ಸಿಗುವುದಿಲ್ಲ. ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ನಮಗೆ ರಾಜ್ಯದ ನೌಕರಿಯಲ್ಲಿ ಮೀಸಲಾತಿ ಕೊಟ್ಟಿದೆ, ಸೇನೆಯ ಬಾಗಿಲಲ್ಲಿ ಅದು ನಡೆಯುವುದಿಲ್ಲ. ಅಲ್ಲಿ ನಾವು ಕೇಳುತ್ತಿರುವುದು ಸಮಾನ ಪ್ರಶ್ನೆಪತ್ರಿಕೆಯನ್ನು ಮಾತ್ರ. ಹೊಸಪೇಟೆ, ಕಂಪ್ಲಿ, ಸಂಡೂರು ಈಗ ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿದ್ದರೂ ಲೋಕಸಭೆಗೆ ಒಂದೇ ಬಳ್ಳಾರಿ ಕ್ಷೇತ್ರ. ರಕ್ಷಣಾ ಸಚಿವರಿಗೆ ಈ ಪ್ರಶ್ನೆಯನ್ನು ಸದನದಲ್ಲೇ ಕೇಳಲು ಒಬ್ಬ ಸಂಸದರು ಸಾಕು.