ಶರಾವತಿ ಹಿನ್ನೀರಿನಲ್ಲಿ ತೇಲಿದ ಆಂಟೆನಾ

ಕೊಲ್ಲೂರು ಘಾಟಿ ಹತ್ತಿ ಸಿಗಂದೂರಿಗೆ ಹೋಗುವ ಕುಂದಾಪುರ, ಬೈಂದೂರು, ಬ್ರಹ್ಮಾವರದವರಿಗೆ ಶರಾವತಿ ಹಿನ್ನೀರು ಹೊಸದಲ್ಲ. 2020ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದೇ ಹಿನ್ನೀರಿನಲ್ಲಿ 'ಸರಸ್-3' ರೇಡಿಯೊ ದೂರದರ್ಶಕವನ್ನು ತೇಲಿಬಿಟ್ಟಿದ್ದರು ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಹುಡುಕಾಟ ಆದಿಕಾಲದ ಹೈಡ್ರೋಜನ್ ಅನಿಲದ ಗುರುತಿಗಾಗಿ. ಈ ಅನಿಲ ಹೊಮ್ಮಿಸುವ ರೇಡಿಯೊ ಅಲೆಯ ಉದ್ದ 21 ಸೆಂ.ಮೀ. ವಿಶ್ವ ಹಿಗ್ಗುತ್ತ ಬಂದಂತೆ ಅದೂ ಹಿಗ್ಗಿ, ನಮ್ಮನ್ನು ಮುಟ್ಟುವ ಹೊತ್ತಿಗೆ ಕೆಲವು ಮೀಟರ್ ಆಗಿರುತ್ತದೆ. ಎಫ್‌ಎಂ ಗದ್ದಲದ ಪಕ್ಕದಲ್ಲೇ ಅದನ್ನು ಆಲಿಸಬೇಕು. ಆಂಟೆನಾವನ್ನು ನೆಲದ ಮೇಲಿಟ್ಟರೆ ಅಡಿಯ ಕಲ್ಲುಮಣ್ಣಿನ ಪದರಗಳು ಅಳತೆ ಕೆಡಿಸುತ್ತವೆ. ನೀರಿಗೆ ಆ ರಗಳೆಯಿಲ್ಲ, ಆಳದವರೆಗೂ ಒಂದೇ ಸಮ.

2018ರಲ್ಲಿ ಆಸ್ಟ್ರೇಲಿಯಾದಲ್ಲಿದ್ದ 'ಎಡ್ಜಸ್' ಉಪಕರಣ, ಮೊದಲ ನಕ್ಷತ್ರಗಳ ಕಾಲದ ಗುರುತು 78 ಮೆಗಾಹರ್ಟ್ಸ್ ಬಳಿ ಸಿಕ್ಕಿತೆಂದಿತ್ತು. ಜಗತ್ತು ಬೆರಗಾಯಿತು, ಹೊಸ ಭೌತಶಾಸ್ತ್ರವೇ ಬೇಕೇನೋ ಎಂಬ ಚರ್ಚೆ ಎದ್ದಿತು. ದಂಡಿಗಾನಹಳ್ಳಿ ಕೆರೆ ಹಾಗೂ ಶರಾವತಿಯಲ್ಲಿ ಅಳೆದ ನಮ್ಮವರಿಗೆ ಆ ಗುರುತು ಕಾಣಲಿಲ್ಲ. ಶೇಕಡಾ 95.3 ವಿಶ್ವಾಸದೊಂದಿಗೆ 'ಎಡ್ಜಸ್' ವಾದವನ್ನು ತಳ್ಳಿಹಾಕಿದ ಪ್ರಬಂಧ 2022ರ ಫೆಬ್ರವರಿಯಲ್ಲಿ 'ನೇಚರ್ ಆಸ್ಟ್ರಾನಮಿ'ಯಲ್ಲಿ ಬಂತು.

'ಇಲ್ಲ' ಎಂದು ಸಾಬೀತುಪಡಿಸುವವರಿಗೆ ನಮ್ಮಲ್ಲಿ ಚಪ್ಪಾಳೆ ಕಡಿಮೆ. ಆದರೂ ಅಷ್ಟು ಗಟ್ಟಿಯಾದ 'ಇಲ್ಲ' ಹೇಳುವುದು ಸುಲಭದ ಕೆಲಸವಲ್ಲ. ಹಿನ್ನೀರಿನ ದಡದಲ್ಲಿ ಈ ಪ್ರಯೋಗದ ಬಗ್ಗೆ ಒಂದು ಕನ್ನಡ ಫಲಕ ಹಾಕಲಿ. ಸಿಗಂದೂರಿಗೆ ಪ್ರವಾಸ ಕರೆದೊಯ್ಯುವ ನಮ್ಮ ಶಾಲೆಗಳೂ ಮಕ್ಕಳನ್ನು ಅಲ್ಲಿ ಹತ್ತು ನಿಮಿಷ ನಿಲ್ಲಿಸಿ ವಿಷಯ ತಿಳಿಸಲಿ.