ಲಿಮಿಟ್ ಏರಿಸೋದು ರಿಪೇರಿ ಅಲ್ಲ ಸ್ವಾಮೀ

ರಾತ್ರಿ ಎರಡು ಗಂಟೆಗೆ ಫೋನ್ ಬಡ್ಕೊಳ್ಳುತ್ತೆ. ಲಾಗ್ ತೆಗೆದರೆ ಒಂದೇ ಸಾಲು, ಸಾವಿರ ಸಲ: ‘ಟೂ ಮೆನಿ ಓಪನ್ ಫೈಲ್ಸ್’. ಮುಂದಿನದು ನಿಮಗೂ ಗೊತ್ತು. ಯಾರೋ ಸೀನಿಯರ್ ಕಾಲ್‌ಗೆ ಬರ್ತಾನೆ, ‘ಯುಲಿಮಿಟ್ ಏರಿಸಿ, ರೀಸ್ಟಾರ್ಟ್ ಮಾಡಿ’ ಅಂತಾನೆ, ಹೋಗಿ ಮಲಗ್ತಾನೆ. ಬೆಳಿಗ್ಗೆ ಟಿಕೆಟ್ ಕ್ಲೋಸ್. ಎಷ್ಟೋ ಸಲ ಆ ಸೀನಿಯರ್ ನಾನೇ ಆಗಿದ್ದೆ. ಹಾಗಾಗಿ ಇಲ್ಲಿ ಬೈಯೋದರಲ್ಲಿ ನನ್ನ ಪಾಲೂ ಇದೆ.

ಲಿನಕ್ಸ್‌ನಲ್ಲಿ ಡಿಸ್ಕಿನ ಮೇಲಿರೋದು ಮಾತ್ರ ಫೈಲ್ ಅಲ್ಲ. ನೆಟ್‌ವರ್ಕ್ ಸಾಕೆಟ್, ಪೈಪ್, ಡೇಟಾಬೇಸ್ ಕನೆಕ್ಷನ್ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಒಂದು ಪ್ರೋಸೆಸ್ ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು ಅನ್ನೋದಕ್ಕೆ ಮಿತಿ ಇದೆ; ಬಹಳಷ್ಟು ಕಡೆ ಸಾಫ್ಟ್ ಲಿಮಿಟ್ 1024. ಕೆಲಸ ಮುಗಿದ ಮೇಲೆ ಕ್ಲೋಸ್ ಮಾಡಿ ವಾಪಸ್ ಕೊಡಬೇಕು. ನಮ್ಮೂರಲ್ಲಿ ಮದುವೆಗೆ ದೇವಸ್ಥಾನದ ಪಾತ್ರೆಗಳನ್ನು ಎಣಿಸಿ ಕೊಡ್ತಿದ್ದರು. ಕೊಳಗ ಕಮ್ಮಿ ಬಿದ್ದರೆ ಯಾರೂ ಹೊಸದು ತರೋಕೆ ಪೇಟೆಗೆ ಓಡ್ತಿರಲಿಲ್ಲ. ‘ಯಾರ ಮನೇಲಿ ಉಳಿದಿದೆ ನೋಡ್ರೋ’ ಅಂತಿದ್ದರು. ಬಿಇ ಮಾಡಿದ ನಾವು ಪೇಟೆಗೆ ಓಡ್ತೀವಿ.

ಹಿಂದಿನ ಕೆಲಸದಲ್ಲಿ ದಿನಕ್ಕೊಮ್ಮೆ ಬೀಳುತ್ತಿದ್ದ ಒಂದು ಸರ್ವೀಸ್ ಇತ್ತು. ನಾನು ಮಿತಿಯನ್ನು 1024ರಿಂದ 65536ಕ್ಕೆ ಏರಿಸಿದೆ. ಮೀಟಿಂಗಲ್ಲಿ ಚಪ್ಪಾಳೆಯೂ ಸಿಕ್ಕಿತು. ಮಿತಿ 64 ಪಟ್ಟಾಯ್ತು, ಸೋರಿಕೆ ಹಾಗೇ ಉಳೀತು. ಅಂದರೆ ದಿನಕ್ಕೊಮ್ಮೆ ಬೀಳೋದು ಎರಡು ತಿಂಗಳಿಗೊಮ್ಮೆ ಬೀಳುತ್ತೆ, ಅಷ್ಟೇ. ಬಿತ್ತು, ದೀಪಾವಳಿಯ ಹಿಂದಿನ ರಾತ್ರಿ. ಆನ್‌ಕಾಲ್‌ನಲ್ಲಿದ್ದದ್ದು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗಿ. ‘ಮಾನಿಟರಿಂಗ್ ಯಾರ ಜವಾಬ್ದಾರಿ?’ ಅಂತ ಮ್ಯಾನೇಜರ್ ಕೇಳಿದಾಗ ಆಕೆ ‘ಸಾರಿ ಸರ್’ ಅಂದಳು. ನಾನು ಮ್ಯೂಟ್‌ನಲ್ಲಿದ್ದೆ.

ಮರುದಿನ ಎಲ್‌ಎಸ್‌ಓಎಫ್ ಓಡಿಸಿ ನೋಡಿದರೆ ಕ್ಲೋಸ್ ವೇಟ್ ಸ್ಥಿತಿಯಲ್ಲಿ ಸಾವಿರಾರು ಸಾಕೆಟ್. ಆ ಕಡೆಯವರು ಕನೆಕ್ಷನ್ ಮುಚ್ಚಿ ಹೋಗಿದ್ದಾರೆ, ನಮ್ಮ ಪ್ರೋಗ್ರಾಂ ಮುಚ್ಚಿಲ್ಲ ಅಂತ ಅದರರ್ಥ. ಎದುರಿನ ಸರ್ವರ್ ಎರರ್ ಕೊಟ್ಟಾಗ ಮಾತ್ರ ನಮ್ಮ ಕೋಡ್ ಕ್ಲೋಸ್ ಮಾಡದೇ ಹೊರಬೀಳ್ತಿತ್ತು. ರಿಪೇರಿ ಮೂರು ಸಾಲು. ‘ತಪ್ಪು ನಂದು’ ಅಂತ ರಿಪೋರ್ಟಿನಲ್ಲಿ ಬರೆಯೋಕೆ ನನಗೆ ಇನ್ನೆರಡು ದಿನ ಬೇಕಾಯ್ತು.

ಇನ್ನು ನಮ್ಮ ಮೂಢನಂಬಿಕೆಗೆ ಬನ್ನಿ. ಲಿಮಿಟ್ಸ್ ಡಾಟ್ ಕಾನ್ಫ್ ಫೈಲಿನಲ್ಲಿ ದೊಡ್ಡ ನಂಬರ್ ಹಾಕ್ತೀವಿ, ಸರ್ವೀಸ್ ರೀಸ್ಟಾರ್ಟ್ ಮಾಡ್ತೀವಿ, ಎರರ್ ಮಾಯ. ಆದರೆ ಆ ಫೈಲ್ ಅನ್ವಯ ಆಗೋದು ಲಾಗಿನ್ ಆದ ಸೆಷನ್‌ಗಳಿಗೆ. ಸಿಸ್ಟಮ್‌ಡಿ ಶುರು ಮಾಡುವ ಸರ್ವೀಸ್ ಅದನ್ನು ಓದೋದೇ ಇಲ್ಲ. ಅದಕ್ಕೆ ಯೂನಿಟ್ ಫೈಲಿನಲ್ಲಿ ‘ಲಿಮಿಟ್ ನೋಫೈಲ್’ ಬರೆಯಬೇಕು. ಎರರ್ ಹೋಗಿದ್ದು ರೀಸ್ಟಾರ್ಟ್‌ನಿಂದ. ಪ್ರೋಸೆಸ್ ಸತ್ತಾಗ ಅದು ಹಿಡಿದಿದ್ದೆಲ್ಲ ಕರ್ನಲ್ ತಾನೇ ಮುಚ್ಚುತ್ತೆ. ಶ್ರೇಯಸ್ಸು ಮಾತ್ರ ನಮ್ಮ ನಂಬರಿಗೆ.

ಲಿಮಿಟ್ ಏರಿಸಲೇಬಾರದು ಅಂತ ನಾನು ಹೇಳ್ತಿಲ್ಲ. ಒಮ್ಮೆಗೆ ಹತ್ತು ಸಾವಿರ ಕನೆಕ್ಷನ್ ನಿಭಾಯಿಸೋ ಎಂಜಿನ್‌ಎಕ್ಸ್‌ಗೆ 1024 ಸಾಲಲ್ಲ, ಖಂಡಿತ ಏರಿಸಿ. ಆದರೆ ಅಳೆದು ಏರಿಸಿ. ಪ್ರಾಕ್ ಡೈರೆಕ್ಟರಿಯಲ್ಲಿ ಆ ಪ್ರೋಸೆಸ್ಸಿನ ನಂಬರಿನೊಳಗೆ ‘ಲಿಮಿಟ್ಸ್’ ಓದಿದರೆ ಅದಕ್ಕೆ ನಿಜಕ್ಕೂ ಸಿಕ್ಕಿರೋ ಮಿತಿ ಗೊತ್ತಾಗುತ್ತೆ. ಪಕ್ಕದ ‘ಎಫ್‌ಡಿ’ ಫೋಲ್ಡರಿನಲ್ಲಿ ಎಷ್ಟಿವೆ ಅಂತ ಎಣಿಸಿ, ಒಂದು ದಿನ ಗ್ರಾಫ್ ಹಾಕಿ. ಸರಿರಾತ್ರಿ ಟ್ರಾಫಿಕ್ ಇಳಿದಾಗ ಗೆರೆಯೂ ಇಳಿದರೆ ಅದು ಲೋಡ್. ಟ್ರಾಫಿಕ್ ಇಳಿದರೂ ಗೆರೆ ಮೇಲಕ್ಕೇ ಹೋಗ್ತಿದ್ದರೆ ಅದು ಸೋರಿಕೆ. ಇಷ್ಟು ನೋಡೋಕೆ ಆರ್ಕಿಟೆಕ್ಟ್ ಆಗಬೇಕಿಲ್ಲ.

‘ಟೈಮ್ ಇಲ್ಲ ಗುರೂ, ಮೊದಲು ಸೈಟ್ ಎದ್ದೇಳಲಿ’ ಅಂತೀರಿ. ಒಪ್ಪಿದೆ, ಎಬ್ಬಿಸಿ. ಆದರೆ ರೀಸ್ಟಾರ್ಟ್‌ಗೆ ಮುಂಚೆ ಆ ಪಟ್ಟಿಯನ್ನ ಒಂದು ಫೈಲಿಗೆ ಉಳಿಸಿಕೊಳ್ಳಿ, ರೀಸ್ಟಾರ್ಟ್ ಆದ ಮೇಲೆ ಸಾಕ್ಷಿ ಸಿಗಲ್ಲ. ಬೆಳಿಗ್ಗೆ ಟಿಕೆಟ್ಟಿನಲ್ಲಿ ಕಾರಣ ‘ಲಿಮಿಟ್ ಕಮ್ಮಿ ಇತ್ತು’ ಅಂತ ಬರೆಯಬೇಡಿ. ‘ಕಾರಣ ಇನ್ನೂ ಸಿಕ್ಕಿಲ್ಲ’ ಅಂತ ಬರೆದು ಟಿಕೆಟ್ ತೆರೆದೇ ಇಡಿ. ಇಲ್ಲದಿದ್ದರೆ ನೀವು ಆರಾಮಾಗಿ ಮಲಗಿರೋ ಯಾವುದೋ ರಾತ್ರಿ, ಏನೂ ತಪ್ಪು ಮಾಡದ ಇನ್ನೊಬ್ಬರು ‘ಸಾರಿ ಸರ್’ ಅನ್ನಬೇಕಾಗುತ್ತೆ.