ನಾಳೆ ಎಂಬ ಸಾಲ

ಕನ್ನಡ ನಾಡಿನ ಕೆಲವೆಡೆಗಳಲ್ಲಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿಡುವ ವಾಡಿಕೆಯುಂಟು. ಬಾಗಿಲು ತಟ್ಟಲು ಬಂದ ದೆವ್ವವು ಅದನ್ನೋದಿ ಹಿಂದಿರುಗುವುದು. ಮರುದಿನ ಬಂದರೂ ಅದೇ ಬರಹವನ್ನು ಕಂಡು ಮತ್ತೆ ಹಿಂದಿರುಗುವುದು ಎಂಬುದು ಜನರ ನಂಬಿಕೆ. ದೆವ್ವವನ್ನು ಹೀಗೆ ಅಟ್ಟಿದರೆ ಯಾರಿಗೂ ನಷ್ಟವಿಲ್ಲ. ಆದರೆ ಮಾಡಲೇಬೇಕಾದ ಕೆಲಸಗಳಿಗೂ ನಾವು ಇದೇ ಬರಹವನ್ನು ತೋರಿಸಿ ಕಳುಹುತ್ತಿರುವೆವಲ್ಲ, ಆ ವಿಷಯವಾಗಿ ಈ ತಿಂಗಳು ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿರುವೆವು.

ಬುದ್ಧಿ ಹೇಳಹೊರಟವರು ಮೊದಲು ತಮ್ಮ ತಪ್ಪನ್ನೊಪ್ಪಿಕೊಳ್ಳುವುದು ಲೇಸು. ಕೆಲವು ವರ್ಷಗಳ ಹಿಂದೆ ನಮ್ಮನ್ನು ಎತ್ತಿ ಆಡಿಸಿದ ಸೋದರತ್ತೆಯವರಿಂದ ಒಂದು ಕಾಗದ ಬಂದಿತು. ‘ಒಮ್ಮೆ ಬಂದು ಹೋಗು, ಬರಲಾಗದಿದ್ದರೆ ನಾಲ್ಕು ಸಾಲು ಬರೆ’ ಎಂದಷ್ಟೇ ಅದರಲ್ಲಿದ್ದಿತು. ಅವರ ಮನೆಯ ಮದುವೆಗೆ ನಾವು ಹೋಗಿರಲಿಲ್ಲ. ಆ ನಾಚಿಕೆಯು ನಮ್ಮಲ್ಲಿದ್ದಿತು. ಕಾಗದವನ್ನು ಪಂಚಾಂಗದ ನಡುವೆ ಇಟ್ಟೆವು. ಅಂದೇ ಬರೆದಿದ್ದರೆ ನಾಲ್ಕು ಸಾಲು ಸಾಕಾಗುತ್ತಿದ್ದಿತು. ಹದಿನೈದು ದಿನ ಕಳೆದ ಮೇಲೆ ತಡವಾದುದಕ್ಕೂ ಕ್ಷಮೆ ಬೇಡಬೇಕಾಯಿತು. ಮೂರು ತಿಂಗಳಾದ ಮೇಲೆ ಯಾವ ಮುಖವಿಟ್ಟುಕೊಂಡು ಬರೆಯುವುದೆಂದೇ ತೋಚದಾಯಿತು. ತೀರಿಸದ ಸಾಲಕ್ಕೆ ಬಡ್ಡಿ ಬೆಳೆಯುವ ರೀತಿಯೇ ಇದು.

ಆ ಮೂರು ತಿಂಗಳು ನಾವು ಕೈಕಟ್ಟಿ ಕುಳಿತಿದ್ದೆವೆಂದಲ್ಲ. ಕಾಗದದ ನೆನಪಾದಾಗಲೆಲ್ಲ ಪುಸ್ತಕದ ಬೀರುವನ್ನು ಒಪ್ಪಮಾಡಿದೆವು. ಹಳೆಯ ಲೆಕ್ಕಗಳನ್ನು ಹೊಸ ಪುಸ್ತಕಕ್ಕೆ ಬರೆದೆವು. ಆದುದರಿಂದ ಇದನ್ನು ಸೋಮಾರಿತನವೆನ್ನಲಾಗದು. ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರನು ಏಳಿಗೆಯನ್ನು ಬಯಸುವವನು ಬಿಡತಕ್ಕ ಆರು ದೋಷಗಳನ್ನು ಹೇಳುವಾಗ, ಆಲಸ್ಯವನ್ನೂ ದೀರ್ಘಸೂತ್ರತೆಯನ್ನೂ ಬೇರೆಬೇರೆಯಾಗಿಯೇ ಎಣಿಸಿರುವನು. ಆಲಸಿಯು ಯಾವ ಕೆಲಸವನ್ನೂ ಮಾಡಲೊಲ್ಲನು. ದೀರ್ಘಸೂತ್ರಿಯಾದರೋ ಆ ಒಂದು ಕೆಲಸದ ಹೊರತು ಮಿಕ್ಕೆಲ್ಲವನ್ನೂ ಮಾಡುವನು!

ಹಾಗೆಂದು ತಡವೆಲ್ಲವೂ ದೋಷವಲ್ಲ. ಶಾಂತಿಪರ್ವದಲ್ಲಿ ಚಿರಕಾರಿಯ ಕಥೆ ಬರುವುದು. ಕೋಪಗೊಂಡ ತಂದೆ ಗೌತಮನು ತಾಯಿಯನ್ನು ಕೊಲ್ಲೆಂದು ಅವನಿಗೆ ಆಜ್ಞಾಪಿಸಿ ಕಾಡಿಗೆ ಹೊರಟುಹೋದನು. ಮಗನು ಧರ್ಮಾಧರ್ಮಗಳನ್ನು ಬಹಳ ಹೊತ್ತು ಆಲೋಚಿಸುತ್ತಲೇ ಇದ್ದನು. ಅಷ್ಟರಲ್ಲಿ ತಂದೆಯು ಪಶ್ಚಾತ್ತಾಪಪಟ್ಟು ಹಿಂದಿರುಗಿದನು, ತಾಯಿಯು ಉಳಿದಳು. ಚಿರಕಾರಿಯು ಕೆಲಸವನ್ನು ಕಣ್ಣೆದುರಿಗಿಟ್ಟುಕೊಂಡು ತಡಮಾಡಿದನು. ನಾವು ಕಾಗದವನ್ನು ಕಣ್ಣಿಗೆ ಬೀಳದಂತೆ ಅಡಗಿಸಿಟ್ಟು ತಡಮಾಡಿದೆವು. ಭೇದವಿರುವುದು ಇಲ್ಲಿಯೇ.

ಈ ಅಭ್ಯಾಸವನ್ನು ಅಳೆಯಲು ಕೆನಡಾ ದೇಶದ ಮನಶ್ಶಾಸ್ತ್ರಜ್ಞ ಕ್ಲ್ಯಾರಿ ಲೇ ಎಂಬವರು 1986ರಲ್ಲಿ 20 ಹೇಳಿಕೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಪ್ರತಿಯೊಂದು ಹೇಳಿಕೆಯೂ ತನಗೆ ಎಷ್ಟರಮಟ್ಟಿಗೆ ಒಪ್ಪುವುದೆಂದು ಓದುವವನೇ ಗುರುತು ಹಾಕಬೇಕು. ಫ್ಯೂಷಿಯಾ ಸಿರುವಾ ಮತ್ತು ಟಿಮೊಥಿ ಪಿಚಿಲ್ ಎಂಬ ವಿದ್ವಾಂಸರು 2013ರ ಲೇಖನವೊಂದರಲ್ಲಿ ಇದರ ಮೂಲವನ್ನು ವಿವೇಚಿಸಿರುವರು. ಕೆಲಸವನ್ನು ನೆನೆದಾಗ ಹುಟ್ಟುವ ಬೇಸರ, ಅಂಜಿಕೆಗಳಿಂದ ಆ ಕ್ಷಣಕ್ಕೆ ತಪ್ಪಿಸಿಕೊಳ್ಳುವುದಕ್ಕಾಗಿಯೇ ಮನಸ್ಸು ಕೆಲಸವನ್ನು ಮುಂದೂಡುವುದೆಂದು ಅವರ ಮತ. ನಮ್ಮ ಅನುಭವವೂ ಇದನ್ನೇ ಹೇಳುವುದು. ನಮಗೆ ಬೇಡವಾಗಿದ್ದುದು ಕಾಗದ ಬರೆಯುವ ಶ್ರಮವಲ್ಲ. ಬರೆಯಲು ಕುಳಿತೊಡನೆ ಎದುರಾಗುತ್ತಿದ್ದ ನಾಚಿಕೆ.

ಆದಕಾರಣ ವಾಚಕರು ಏಳು ದಿನಗಳ ಮಟ್ಟಿಗೆ ಒಂದು ಲೆಕ್ಕವನ್ನಿಡಬಹುದು. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯೇ ಸಾಕು. ನಾಳೆಗೆಂದು ಬಿಟ್ಟ ಕೆಲಸವಾವುದು, ಅದರ ಬದಲು ಮಾಡಿದುದೇನು, ಅದನ್ನು ನೆನೆದಾಗ ಮನಸ್ಸಿಗೆ ಏನೆನಿಸಿತು, ಎಂಬ ಮೂರನ್ನು ಪ್ರತಿ ರಾತ್ರಿಯೂ ಬರೆಯಬೇಕು. ಹಲ್ಲುನೋವಿದ್ದರೂ ವೈದ್ಯರ ಬಳಿಗೆ ಹೋಗದಿರುವುದಕ್ಕೆ ಭಯವು ಕಾರಣವಾಗಿರಬಹುದು. ಉಯಿಲು ಬರೆಯದಿರುವುದಕ್ಕೆ ಸಾವಿನ ಮಾತೆತ್ತಲು ಮನಸ್ಸೊಪ್ಪದಿರುವುದು ಕಾರಣವಾಗಿರಬಹುದು. ಮನೆಯ ಜಮಾಖರ್ಚು ನೋಡದಿರುವುದಕ್ಕೆ, ಏನು ಕಂಡೀತೋ ಎಂಬ ಅಳುಕು ಕಾರಣವಾಗಿರಬಹುದು. ಕಾರಣವು ತಿಳಿದರೆ ಅರ್ಧ ಕೆಲಸವಾದಂತೆಯೇ.

ಉಳಿದರ್ಧಕ್ಕೆ ಪೀಟರ್ ಗಾಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ವಿವರಿಸಿದ ಉಪಾಯವು ಸುಲಭವಾದುದು. ‘ನಾಳೆ ಬರೆಯುವೆನು’ ಎನ್ನದೆ, ‘ಬೆಳಿಗ್ಗೆ ಕಾಫಿ ಕುಡಿದು ಲೋಟ ಕೆಳಗಿಟ್ಟೊಡನೆ ಲೇಖನಿಯನ್ನು ಕೈಗೆತ್ತಿಕೊಳ್ಳುವೆನು’ ಎಂದು ಹೊತ್ತನ್ನೂ ಮೊದಲ ಹೆಜ್ಜೆಯನ್ನೂ ಗೊತ್ತುಮಾಡಿಕೊಳ್ಳಬೇಕು. ಮನೆಯವರು ತಡಮಾಡಿದಾಗ ಹೀಯಾಳಿಸುವುದೂ ತರವಲ್ಲ. ನಾಚಿಕೆಯಿಂದ ಓಡಿದವನಿಗೆ ಮತ್ತಷ್ಟು ನಾಚಿಕೆಯಾದರೆ ಅವನು ಮತ್ತಷ್ಟು ದೂರ ಓಡುವನು.

ನಾವು ಕೊನೆಗೂ ಕಾಗದ ಬರೆದೆವು. ಅಂಚೆಗೆ ಹಾಕಲು ಮುಖವಿಲ್ಲದೆ ಅದನ್ನು ಹಿಡಿದುಕೊಂಡು ನಾವೇ ಹೋದೆವು. ಅಷ್ಟು ಹೊತ್ತಿಗೆ ಸೋದರತ್ತೆಯವರ ಕಣ್ಣು ಅಕ್ಷರವನ್ನು ಕಾಣಲಾರದಷ್ಟು ಮಂಜಾಗಿದ್ದಿತು. ಕಾಗದವನ್ನು ಕೈಯಿಂದ ಸವರಿ, ‘ನೀನೇ ಓದು ಮಗು’ ಎಂದರು. ನಾವು ಬರೆದ ಕ್ಷಮೆಯ ಮಾತುಗಳನ್ನು ನಮ್ಮ ಬಾಯಿಂದಲೇ ಅವರೆದುರು ಓದಬೇಕಾಯಿತು. ಕೇಳಿ ಮುಗಿದ ಮೇಲೆ ಅವರು ಮದುವೆಯ ಮಾತನ್ನೇ ಎತ್ತಲಿಲ್ಲ, ‘ಊಟಕ್ಕೇಳು’ ಎಂದರು. ಮೂರು ತಿಂಗಳು ನಾವು ಅಂಜಿದುದು ಇಷ್ಟಕ್ಕೆ.

ನಿಮ್ಮ ಪಂಚಾಂಗದ ನಡುವೆಯೂ ಅಂಥದೊಂದು ಕಾಗದವಿದ್ದರೆ, ಈ ಸಂಚಿಕೆಯನ್ನು ಕೆಳಗಿಟ್ಟು ಅದನ್ನು ಹೊರತೆಗೆಯಿರಿ.